ಅಕೌಸ್ಟಿಕ್ ಗಿಟಾರ್ ಕಟ್ಟುವಾಗ ಸ್ಯಾಡಲ್ ಎಷ್ಟು ದಪ್ಪ ಇರಬೇಕು?

ಗಿಟಾರ್‌ನ ಮೈಗೆ ಅಂಟಿಸಿದ ಮರದ ತುಂಡು ಬ್ರಿಜ್; ಅದರಲ್ಲಿ ಕೊರೆದ ಸ್ಲಾಟ್‌ನಲ್ಲಿ (ಉದ್ದ ಕಚ್ಚು) ನಿಂತು ತಂತಿಗಳನ್ನು ಹೊರುವ, ಹೆಚ್ಚಾಗಿ ಮೂಳೆಯ, ಪಟ್ಟಿಯೇ ಸ್ಯಾಡಲ್. ಸ್ಟೀಲ್ ತಂತಿಯ ಗಿಟಾರ್‌ಗೆ ಸಿಗುವ ಸ್ಯಾಡಲ್ ಪಟ್ಟಿಗಳು ಹೆಚ್ಚಾಗಿ ಎರಡು ಅಳತೆಯಲ್ಲಿ ಬರುತ್ತವೆ: 2.4 ಮಿ.ಮೀ. (3/32 ಇಂಚು) ಮತ್ತು 3.2 ಮಿ.ಮೀ. (1/8 ಇಂಚು). ಮಾರ್ಟಿನ್ ಗಿಟಾರ್‌ಗಳಲ್ಲಿ ಹೆಚ್ಚಾಗಿ ತೆಳುವಾದದ್ದಿರುತ್ತದೆ, ಟೇಲರ್‌ನಲ್ಲಿ ದಪ್ಪದ್ದು. ಬಿಡಿಯಾಗಿ ಕಟ್ಟುವ ಕೆಲವರು 5 ಅಥವಾ 6 ಮಿ.ಮೀ.ವರೆಗೂ ಹೋಗುತ್ತಾರೆ. ದಪ್ಪ ಬದಲಾದರೆ ನಾದ ಬದಲಾಗುತ್ತದೆ ಎಂಬ ಮಾತು ತುಂಬ ಕೇಳಿಬರುತ್ತದೆ. ನಾದವನ್ನು ಸದ್ಯಕ್ಕೆ ಪಕ್ಕಕ್ಕಿಡಿ. ದಪ್ಪವನ್ನು ತೀರ್ಮಾನಿಸುವುದು ಶ್ರುತಿ. ಆರು ತಂತಿಗಳೂ ಫ್ರೆಟ್ ಒತ್ತಿದಾಗ ಶ್ರುತಿಯಲ್ಲಿ ನಿಲ್ಲಬೇಕಾದರೆ ಒಂದೊಂದೂ ಸ್ಯಾಡಲ್ ಮೇಲೆ ಎಲ್ಲಿ ಕೂರಬೇಕು, ಆ ಜಾಗಗಳೆಲ್ಲ ಒಂದೇ ಪಟ್ಟಿಯೊಳಗೆ ಬರಬೇಕಾದರೆ ಪಟ್ಟಿ ಎಷ್ಟು ದಪ್ಪ ಇರಬೇಕು ಎಂಬುದೇ ಇಲ್ಲಿನ ಲೆಕ್ಕ.

ತಂತಿಯನ್ನು ಫ್ರೆಟ್‌ಗೆ ಒತ್ತಿದಾಗ ಅದು ಸ್ವಲ್ಪ ಎಳೆದುಕೊಂಡು ಸ್ವರ ಏರುತ್ತದೆ. ಜೊತೆಗೆ ಉಕ್ಕಿನ ಬಿಗಿತದಿಂದಾಗಿ ತಂತಿಯ ತುದಿ ಪೂರ್ತಿ ಕಂಪಿಸುವುದಿಲ್ಲ. ಇವೆರಡನ್ನೂ ಸರಿದೂಗಿಸಲು ಸ್ಯಾಡಲನ್ನು ಲೆಕ್ಕದ ಸ್ಕೇಲ್ ಉದ್ದಕ್ಕಿಂತ (ನಟ್, ಅಂದರೆ ಕತ್ತಿನ ತುದಿಯಲ್ಲಿ ತಂತಿ ಕೂರುವ ಪಟ್ಟಿಯಿಂದ ಎಣಿಸುವ ತಂತಿಯ ಉದ್ದ) ಹಿಂದೆ ಕೂರಿಸುತ್ತಾರೆ. ಒಳಗಿನ ಉಕ್ಕಿನ ಎಳೆ ದಪ್ಪವಿದ್ದಷ್ಟೂ ಹೆಚ್ಚು ಹಿಂದೆ ಹೋಗಬೇಕು. ಎರಡನೇ ತಂತಿ (ಬಿ) ಇಡೀ ಉಕ್ಕು. ಮೂರನೆಯದು (ಜಿ) ಸುತ್ತು ಹಾಕಿದ್ದಾದರೆ ಅದರ ಒಳಎಳೆ ಬಿ ತಂತಿಗಿಂತ ತೆಳು. ಹಾಗಾಗಿ ಬಿ ಹಿಂದಕ್ಕೂ ಜಿ ಮುಂದಕ್ಕೂ ಬಂದು, ನೆಟ್ಟಗಿನ ಓರೆ ಗೆರೆ ಅಲ್ಲೇ ಮುರಿಯುತ್ತದೆ.

ಅಂಕಿಯಲ್ಲಿ ನೋಡೋಣ. 645 ಮಿ.ಮೀ. ಸ್ಕೇಲ್, 12–53 ತಂತಿ ಸೆಟ್ (ಒಂದನೇ ತಂತಿ 0.012 ಇಂಚು, ಆರನೆಯದು 0.053 ಇಂಚು ದಪ್ಪ), 12ನೇ ಫ್ರೆಟ್ ಮೇಲೆ ಒಂದನೇ ತಂತಿಯ ಎತ್ತರ 1.8 ಮಿ.ಮೀ., ಆರನೆಯದು 2.3 ಮಿ.ಮೀ. ಇರುವ ಸಾಮಾನ್ಯ ಗಿಟಾರ್‌ನಲ್ಲಿ ಸ್ಕೇಲ್ ಉದ್ದಕ್ಕೆ ಸೇರಿಸಬೇಕಾದ ಅಳತೆ ಸುಮಾರಾಗಿ ಹೀಗಿರುತ್ತದೆ: ಒಂದನೇ ತಂತಿಗೆ 2.0, ಎರಡಕ್ಕೆ 3.2, ಮೂರಕ್ಕೆ 2.2, ನಾಲ್ಕಕ್ಕೆ 2.8, ಐದಕ್ಕೆ 3.6, ಆರಕ್ಕೆ 4.6 ಮಿ.ಮೀ. ಒಂದನೇ ಮತ್ತು ಆರನೇ ತಂತಿಯ ಬಿಂದುಗಳನ್ನು ಸೇರಿಸಿ ಗೆರೆ ಎಳೆದರೆ ಅದು ಸುಮಾರು 55 ಮಿ.ಮೀ. ಅಗಲದಲ್ಲಿ 2.6 ಮಿ.ಮೀ. ಓರೆಯಾಗುತ್ತದೆ. ಆ ಗೆರೆಗೆ ಹೋಲಿಸಿದರೆ ಬಿ 0.7 ಮಿ.ಮೀ. ಹಿಂದಿದೆ, ಜಿ 0.8 ಮಿ.ಮೀ. ಮುಂದಿದೆ. ಅಂದರೆ ಸ್ಯಾಡಲ್‌ನ ನೆತ್ತಿ (ತಂತಿ ಕೂರುವ ಮೇಲಿನ ಗೆರೆ) 1.5 ಮಿ.ಮೀ.ನಷ್ಟು ಹಿಂದೆ ಮುಂದೆ ಓಡಾಡಬೇಕು.

ಇದಕ್ಕೆ ಮೂರು ಸಂಗತಿ ಕೂಡಿಸಿ. ನೆತ್ತಿಯನ್ನು ಪಟ್ಟಿಯ ತೀರಾ ಅಂಚಿಗೆ ತಂದರೆ ಮೂಳೆ ಚಕ್ಕೆಯೇಳುತ್ತದೆ, ಆದ್ದರಿಂದ ಮುಂದೆ 0.5, ಹಿಂದೆ 0.5 ಮಿ.ಮೀ. ಬಿಡಬೇಕು. ಸ್ಲಾಟ್ ಕೊರೆಯುವಾಗಿನ ತಪ್ಪು, ಮುಂದೆ ಯಾರೋ ಬೇರೆ ಸೆಟ್ ಹಾಕುವ ಸಂಭವ, ಇವೆರಡಕ್ಕೆ 0.6. ಒಟ್ಟು 3.1. ಹಾಗಾಗಿ 3.2 ಮಿ.ಮೀ. ಪಟ್ಟಿ ಹೆಚ್ಚಿನ ಗಿಟಾರ್‌ಗಳಿಗೆ ಸಾಕಾಗುತ್ತದೆ.

2.4ರಲ್ಲಿ ಅಂಚು ಬಿಟ್ಟ ಮೇಲೆ ಉಳಿಯುವುದು 1.4 ಮಿ.ಮೀ. ಮಾತ್ರ. ಅದರಿಂದ ಗಿಟಾರ್ ಕೆಡುವುದೇನಿಲ್ಲ. 645 ಮಿ.ಮೀ. ಸ್ಕೇಲ್‌ನಲ್ಲಿ ನೆತ್ತಿ 1 ಮಿ.ಮೀ. ಸರಿದರೆ 12ನೇ ಫ್ರೆಟ್ ಸ್ವರ ಬದಲಾಗುವುದು ಸುಮಾರು 2.7 ಸೆಂಟ್ ಅಷ್ಟೆ (ಅಕ್ಕಪಕ್ಕದ ಎರಡು ಫ್ರೆಟ್‌ಗಳ ಸ್ವರಾಂತರ 100 ಸೆಂಟ್). ಅರ್ಧ ಮಿ.ಮೀ. ಕೊರತೆಯಾದರೆ 1.3 ಸೆಂಟ್, ಅದನ್ನು ಹಿಡಿಯುವ ಕಿವಿ ಕಡಿಮೆ. ಆದರೆ ಸ್ಲಾಟನ್ನೇ 1 ಮಿ.ಮೀ. ತಪ್ಪು ಜಾಗದಲ್ಲಿ ಕೊರೆದರೆ 2.4ರಲ್ಲಿ ಸರಿಪಡಿಸಲು ಜಾಗವಿಲ್ಲ. ಹಳೆಯ ಮಾದರಿಯ ಪ್ರತಿಕೃತಿ ಕಟ್ಟುತ್ತಿದ್ದರೆ, ಅಥವಾ ಬ್ರಿಜ್ ತುಂಬ ಕಿರಿದಾಗಿದ್ದರೆ ತೆಳುವಾದದ್ದನ್ನು ಆರಿಸಬಹುದು. ಮೊದಲ ಗಿಟಾರ್ ಕಟ್ಟುವವರಿಗೆ ಅದು ಬೇಡ.

5–6 ಮಿ.ಮೀ. ಬೇಕಾಗುವ ಸಂದರ್ಭಗಳೂ ಇವೆ. ಸುತ್ತಿಲ್ಲದ ಜಿ ತಂತಿ ಹಾಕುವವರಿದ್ದರೆ ಜಿ ಬಿಂದು ಬಿ ತಂತಿಗಿಂತಲೂ ಹಿಂದೆ ಹೋಗುತ್ತದೆ. ಒಂದೇ ಗಿಟಾರ್ ಎರಡೂ ಬಗೆಯ ಸೆಟ್‌ಗೆ ಒಗ್ಗಬೇಕೆಂದರೆ 3.2 ಸಾಲದು. ಆರನೇ ತಂತಿಯನ್ನು ತುಂಬ ಇಳಿಸಿ ನುಡಿಸುವವರಿಗೂ ಹೆಚ್ಚಿನ ಜಾಗ ಬೇಕು. ಲೋಡನ್, ತಕಮೀನೆ ಗಿಟಾರ್‌ಗಳಲ್ಲಿ ಸ್ಯಾಡಲನ್ನು ಎರಡು ತುಂಡು ಮಾಡಿ ಬೇರೆ ಬೇರೆ ಓರೆಯಲ್ಲಿ ಕೂರಿಸುವುದು ಇದೇ ಸಮಸ್ಯೆಗೆ ಇನ್ನೊಂದು ಪರಿಹಾರ. ತೆಳು ಪಟ್ಟಿಯಲ್ಲೇ ಕೆಲಸ ಮುಗಿಯುತ್ತದೆ, ಆದರೆ ಎರಡು ಸ್ಲಾಟ್ ಕೊರೆಯಬೇಕು.

ನೈಲಾನ್ ತಂತಿಯ ಕ್ಲಾಸಿಕಲ್ ಗಿಟಾರ್‌ಗೆ ಇಷ್ಟೆಲ್ಲ ಬೇಡ. ಸ್ಲಾಟ್ ಓರೆಯಿಲ್ಲದೆ ನೇರವಾಗಿರುತ್ತದೆ, 2.5–3 ಮಿ.ಮೀ. ಪಟ್ಟಿ ಸಾಕು. ಅಲ್ಲಿ ತೊಂದರೆ ಕೊಡುವುದು ದಪ್ಪ ಜಿ ಒಂದೇ. ಅದರ ನೆತ್ತಿಯನ್ನು ಹಿಂಬದಿಗೆ ತಂದರೆ ಮುಗಿಯಿತು.

ಲೆಕ್ಕ ನಂಬಬೇಡಿ, ಅಳೆಯಿರಿ

ಮೇಲಿನ ಅಂಕಿಗಳು ಅಂದಾಜು. ನಿಮ್ಮ ಗಿಟಾರ್‌ನ ಅಂಕಿ ಗೊತ್ತಾಗಬೇಕಾದರೆ ಸ್ಲಾಟ್ ಕೊರೆಯುವ ಮೊದಲೇ ತಂತಿ ಕಟ್ಟಿ ನೋಡಬೇಕು. ಬ್ರಿಜ್ ಅಂಟಿಸಿ, ಪಿನ್ ತೂತು ಕೊರೆದು, ಫ್ರೆಟ್ ಸಮ ಮಾಡಿ, ನಟ್ ಮುಗಿಸಿರಬೇಕು. ನಟ್‌ನಲ್ಲಿ ತಂತಿ ಎತ್ತರವಿದ್ದರೆ ಮುಂದಿನ ಅಳತೆಯೆಲ್ಲ ಸುಳ್ಳಾಗುತ್ತದೆ.

4 ಮಿ.ಮೀ. ದಪ್ಪದ ಮೊಳೆಯನ್ನು 7 ಮಿ.ಮೀ. ಉದ್ದದ ಆರು ತುಂಡು ಮಾಡಿ. ಒಂದೊಂದರ ಒಂದು ಬದಿಯನ್ನು ಅರದಿಂದ ಉಜ್ಜಿ ಚಪ್ಪಟೆ ಮಾಡಿ ಎತ್ತರ 3 ಮಿ.ಮೀ.ಗೆ ಇಳಿಸಿ. ಚಪ್ಪಟೆ ಬದಿ ಕೆಳಗಿರುವುದರಿಂದ ಅದು ಉರುಳುವುದಿಲ್ಲ, ಗುಂಡು ಬದಿಯ ಮೇಲೆ ತಂತಿ ಒಂದೇ ಗೆರೆಯಲ್ಲಿ ಕೂರುತ್ತದೆ. ಬ್ರಿಜ್ ಮೇಲೆ ಮಾಸ್ಕಿಂಗ್ ಟೇಪ್ ಅಂಟಿಸಿ, ಹೊಸ ತಂತಿ ಹಾಕಿ, ಪ್ರತಿ ತಂತಿಯ ಕೆಳಗೆ ಒಂದು ತುಂಡು ತೂರಿಸಿ. 12ನೇ ಫ್ರೆಟ್ ಮೇಲಿನ ಎತ್ತರ ಸಾಲದಿದ್ದರೆ ತುಂಡಿನ ಕೆಳಗೆ ರಟ್ಟಿನ ಚೂರು ಇಡಿ. ಎತ್ತರ ಕೊನೆಯಲ್ಲಿ ಎಷ್ಟಿರಬೇಕೋ ಅಷ್ಟೇ ಇರಬೇಕು. ಎತ್ತರ ಬದಲಾದರೆ ಒತ್ತಿದಾಗಿನ ಎಳೆತವೂ ಬದಲಾಗುತ್ತದೆ.

ಈಗ ಟ್ಯೂನರ್ ಹಿಡಿದು 12ನೇ ಫ್ರೆಟ್‌ನಲ್ಲಿ ಹಾರ್ಮೋನಿಕ್ಸ್ (ತಂತಿಯನ್ನು ಒತ್ತದೆ ಹಗುರವಾಗಿ ಮುಟ್ಟಿ ಮೀಟಿದ ಸ್ವರ) ನುಡಿಸಿ, ನಂತರ ಅದೇ ಫ್ರೆಟ್ ಒತ್ತಿ ನುಡಿಸಿ. ಒತ್ತಿದ ಸ್ವರ ಏರಿದ್ದರೆ ತುಂಡನ್ನು ಹಿಂದಕ್ಕೆ, ಇಳಿದಿದ್ದರೆ ಮುಂದಕ್ಕೆ ಸರಿಸಿ. 1 ಸೆಂಟ್‌ಗೆ 0.37 ಮಿ.ಮೀ. ಪ್ರತಿ ಸಲ ಸರಿಸಿದ ಮೇಲೆ ಬಿಟ್ಟ ತಂತಿಯನ್ನು ಮತ್ತೆ ಶ್ರುತಿ ಮಾಡಿ. ಒತ್ತುವ ಬೆರಳು ಸಹಜವಾಗಿರಲಿ. ಗಟ್ಟಿಯಾಗಿ ಅಮುಕಿದರೆ ಎರಡು ಮೂರು ಸೆಂಟ್ ತಾನಾಗಿಯೇ ಏರುತ್ತದೆ. ಆರೂ ಸರಿಯಾದ ಮೇಲೆ, ತಂತಿ ಮುಟ್ಟುವ ಬಿಂದುವನ್ನು ಟೇಪ್ ಮೇಲೆ ಮೊನಚಾದ ಪೆನ್ಸಿಲ್‌ನಿಂದ ಗುರುತಿಸಿ.

ತಂತಿ ತೆಗೆದು, ಆ ಆರು ಗುರುತುಗಳನ್ನೂ ಒಳಗೆ ಹಿಡಿಯುವ ಎರಡು ಸಮಾನಾಂತರ ಗೆರೆ ಎಳೆಯಿರಿ. ಓರೆಯನ್ನು ಸ್ವಲ್ಪ ಹೆಚ್ಚುಕಡಿಮೆ ಮಾಡಿ, ಗೆರೆಗಳು ಆದಷ್ಟು ಹತ್ತಿರ ಬರುವಂತೆ ನೋಡಿ. ತುದಿಗಳನ್ನು ಸೇರಿಸಿದ ಗೆರೆಗಿಂತ 0.1–0.2 ಮಿ.ಮೀ. ಹೀಗೆ ಉಳಿಯುತ್ತದೆ. ಎರಡು ಗೆರೆಯ ನಡುವಿನ ಅಂತರಕ್ಕೆ 1.6 ಸೇರಿಸಿದರೆ ಸ್ಯಾಡಲ್ ದಪ್ಪ ಸಿಕ್ಕಿತು. ಸ್ಲಾಟ್‌ನ ನಡುಗೆರೆ ಇವೆರಡರ ಮಧ್ಯೆ ಹೋಗಬೇಕು.

ಮರ ತಡೆಯುತ್ತದೆಯೇ?

12–53 ಸೆಟ್‌ನ ಒಟ್ಟು ಎಳೆತ 70 ಕೆ.ಜಿ.ಗೂ ಹೆಚ್ಚು. ಆ ಎಳೆತದ ಒಂದು ಪಾಲು ಸ್ಯಾಡಲನ್ನು ಮುಂದಕ್ಕೆ, ಸೌಂಡ್‌ಹೋಲ್ ಕಡೆಗೆ ದಬ್ಬುತ್ತಿರುತ್ತದೆ. ಅದನ್ನು ತಡೆಯುವುದು ಸ್ಲಾಟ್‌ನ ಮುಂದಿರುವ ಮರದ ಗೋಡೆ. ದಪ್ಪ ಸ್ಯಾಡಲ್ ಆರಿಸಿದಷ್ಟೂ ಈ ಗೋಡೆ ಅಥವಾ ಹಿಂದಿನ ಪಿನ್ ತೂತಿನ ಬದಿಯ ಮರ ಕಡಿಮೆಯಾಗುತ್ತದೆ. ಎರಡೂ ಕಡೆ ಕನಿಷ್ಠ 3 ಮಿ.ಮೀ. ಉಳಿಯಲಿ, ಮುಂದೆ 4 ಇದ್ದರೆ ಒಳ್ಳೆಯದು. 6 ಮಿ.ಮೀ. ಸ್ಯಾಡಲ್ ಹಾಕುವ ಯೋಚನೆ ಇದ್ದರೆ ಬ್ರಿಜ್ ಮಾದರಿಯನ್ನು ಮೊದಲೇ ಅಗಲಿಸಿ, ಪಿನ್ ಸಾಲನ್ನು ಹಿಂದಕ್ಕೆ ಸರಿಸಿ ಬರೆದುಕೊಳ್ಳಬೇಕು. ನಮ್ಮ ಬೀಟೆ ಮರ ಬ್ರಿಜ್‌ಗೆ ಚೆನ್ನಾಗಿ ಹೊಂದುತ್ತದೆ, ಆದರೆ ಎಳೆಗುಂಟ ಸೀಳುವ ಗುಣ ಅದಕ್ಕೂ ಇದೆ. ಕರಿಮರ ಇನ್ನೂ ಪೆಡಸು.

ಆಳದ ವಿಷಯದಲ್ಲಿ ರಾಜಿ ಬೇಡ. 9.5 ಮಿ.ಮೀ. ದಪ್ಪದ ಬ್ರಿಜ್‌ಗೆ 5 ಮಿ.ಮೀ. ಆಳದ ಸ್ಲಾಟ್, ಹೊರಗೆ ಕಾಣುವುದು 3–4 ಮಿ.ಮೀ. ಒಳಗಿರುವ ಭಾಗ ಹೊರಗಿನದ್ದಕ್ಕಿಂತ ಹೆಚ್ಚಿರಲೇಬೇಕು. ಸ್ಯಾಡಲ್ ಎತ್ತರ ಹೆಚ್ಚಿ ಸ್ಲಾಟ್ ಆಳ ಕಡಿಮೆಯಾದಾಗ ಮುಂದಿನ ಗೋಡೆ ಬಿರುಕು ಬಿಡುತ್ತದೆ. ದಪ್ಪ ಪಟ್ಟಿ ಇದನ್ನು ತಪ್ಪಿಸುವುದಿಲ್ಲ.

ಇನ್ನು ನಾದ. 72 ಮಿ.ಮೀ. ಉದ್ದ, 9 ಮಿ.ಮೀ. ಎತ್ತರದ ಮೂಳೆಯ ಸ್ಯಾಡಲ್ 2.4 ದಪ್ಪದಲ್ಲಿ ಸುಮಾರು 3 ಗ್ರಾಂ, 3.2ರಲ್ಲಿ 4 ಗ್ರಾಂ, 6ರಲ್ಲಿ 7.6 ಗ್ರಾಂ ತೂಗುತ್ತದೆ. ಮೊದಲ ಎರಡರ ನಡುವೆ ಒಂದು ಗ್ರಾಂ ವ್ಯತ್ಯಾಸ. ಬ್ರಿಜ್‌ನ ಎರಡು ತುದಿಗಳನ್ನು ಸ್ವಲ್ಪ ಹೆಚ್ಚು ಕೆತ್ತಿದರೆ ಅದು ಸರಿಹೋಗುತ್ತದೆ. ಸ್ಯಾಡಲ್ ತಳ ಸ್ಲಾಟ್ ತಳಕ್ಕೆ ಪೂರ್ತಿ ಕೂತಿದೆಯೇ ಎಂಬುದು ಇದಕ್ಕಿಂತ ದೊಡ್ಡ ವಿಷಯ.

ಸ್ಯಾಡಲ್ ಕೆಳಗೆ ಪಿಕಪ್ (ಕಂಪನವನ್ನು ವಿದ್ಯುತ್ ಸಂಕೇತವಾಗಿಸಿ ಆಂಪ್ಲಿಫೈಯರ್‌ಗೆ ಕಳಿಸುವ ಪಟ್ಟಿ) ಹಾಕುವುದಿದ್ದರೆ ಅದನ್ನು ಮೊದಲೇ ತರಿಸಿ ಅಳೆಯಿರಿ. ಫಿಶ್‌ಮನ್ ಮ್ಯಾಟ್ರಿಕ್ಸ್‌ನಂಥವು 2.4 ಮತ್ತು 3.2 ಎರಡೂ ಸ್ಲಾಟ್‌ಗೆ ಬೇರೆ ಬೇರೆ ಬರುತ್ತವೆ. ಅಗಲ ಸ್ಲಾಟ್‌ನಲ್ಲಿ ಕಿರಿದಾದ ಪಿಕಪ್ ಹಾಕಿದರೆ ಅದು ಒಂದು ಬದಿಗೆ ಜಾರಿ ಕೆಲವು ತಂತಿ ಜೋರಾಗಿ, ಕೆಲವು ಮಂಕಾಗಿ ಕೇಳುತ್ತವೆ. ಪಿಕಪ್‌ನ ದಪ್ಪದಷ್ಟು ಸ್ಯಾಡಲ್ ಮೇಲೇಳುತ್ತದೆ ಎಂಬುದೂ ಲೆಕ್ಕದಲ್ಲಿರಲಿ.

ಕೊರೆಯುವುದು, ಕೂರಿಸುವುದು

ಮೊದಲು ಮೂಳೆ ಪಟ್ಟಿ ಕೊಳ್ಳಿ, ಆಮೇಲೆ ರೂಟರ್ (ಮರದಲ್ಲಿ ಕಚ್ಚು ಕೊರೆಯುವ ಯಂತ್ರ) ಬಿಟ್. 3.2 ಎಂದು ಮಾರುವ ಪಟ್ಟಿ ಎಷ್ಟೋ ಸಲ 2.9–3.0 ಇರುತ್ತದೆ. ಡಿಜಿಟಲ್ ಕ್ಯಾಲಿಪರ್‌ನಿಂದ ಉದ್ದಕ್ಕೂ ಐದು ಕಡೆ ಅಳೆಯಿರಿ. ಸ್ಲಾಟ್‌ಗಿಂತ 0.2–0.3 ದಪ್ಪವಿರುವುದನ್ನೇ ಆರಿಸಿ, ಗಾಜಿನ ಮೇಲೆ ಹಾಸಿದ 220 ಸ್ಯಾಂಡ್‌ಪೇಪರ್‌ನಲ್ಲಿ ಉಜ್ಜಿ ಇಳಿಸಬಹುದು. ಮೂಳೆ ಪುಡಿ ಶ್ವಾಸಕ್ಕೆ ಕೆಟ್ಟದ್ದು, ಮಾಸ್ಕ್ ಇಲ್ಲದೆ ಉಜ್ಜಬೇಡಿ. 1/8 ಇಂಚಿನ ಬಿಟ್‌ನ ನಿಜ ಅಳತೆ 3.175 ಮಿ.ಮೀ. ಪ್ರತಿ ಸಲ 1.5 ಮಿ.ಮೀ.ಗಿಂತ ಹೆಚ್ಚು ಇಳಿಸದೆ ನಾಲ್ಕು ಸಲದಲ್ಲಿ 5 ಮಿ.ಮೀ. ಮುಟ್ಟಿ. 2.4ರ ಬಿಟ್ ಆದರೆ 1 ಮಿ.ಮೀ. ಸಾಕು, ನೇರ ಕೆಳಗೆ ಒತ್ತಿದರೆ ಅದು ಮುರಿದು ಬ್ರಿಜ್‌ನಲ್ಲೇ ಉಳಿಯುತ್ತದೆ.

ಸ್ಯಾಡಲ್ ಬೆರಳ ಒತ್ತಡಕ್ಕೆ ಇಳಿಯಬೇಕು, ಗಿಟಾರ್ ತಲೆಕೆಳಗು ಮಾಡಿದರೆ ಬೀಳಬಾರದು. ಸುತ್ತಿಗೆಯಿಂದ ತಟ್ಟಿ ಕೂರಿಸಿದ್ದು ಮಳೆಗಾಲದಲ್ಲಿ ಮರ ಉಬ್ಬಿದಾಗ ಮತ್ತೆ ಹೊರಬರುವುದಿಲ್ಲ. ಸಡಿಲವಾದರೆ ಸ್ಯಾಡಲ್ ಮುಂದಕ್ಕೆ ಬಾಗಿ, ತಳದ ಒಂದು ಅಂಚು ಮಾತ್ರ ಮರಕ್ಕೆ ತಾಗುತ್ತದೆ. ಪಿಕಪ್ ಇರುವಲ್ಲಿ ಮಾತ್ರ ಹಿಡಿತ ಒಂದು ಕೂದಲಷ್ಟು ಸಡಿಲ ಇರಲಿ.

ನೆತ್ತಿಗೆ ಕೊನೆಯ ಕೆಲಸ ಬಾಕಿ. ದಪ್ಪ ಸ್ಯಾಡಲ್‌ನ ತಲೆಯನ್ನು ಚಪ್ಪಟೆಯಾಗಿ ಬಿಟ್ಟರೆ ತಂತಿ ಅದರ ಮೇಲೆ ಉಜ್ಜಿ ಝುಂಯ್ ಎನ್ನುತ್ತದೆ. ತಂಬೂರಿಯ ಅಗಲ ಕುದುರೆಯ ಮೇಲೆ ದಾರವಿಟ್ಟು ಬೇಕೆಂದೇ ಪಡೆಯುವ ಝೇಂಕಾರ ಗಿಟಾರ್‌ನಲ್ಲಿ ದೋಷ. ಪ್ರತಿ ತಂತಿಯ ಗುರುತಿನಲ್ಲಿ ನೆತ್ತಿ ಉಳಿಯುವಂತೆ ಮುಂದೆ, ಹಿಂದೆ ಇಳಿಜಾರು ಉಜ್ಜಿ, ಸುಮಾರು ಅರ್ಧ ಮಿ.ಮೀ. ತ್ರಿಜ್ಯದಷ್ಟು ದುಂಡಗೆ ಮಾಡಿ. ಪೆನ್ಸಿಲ್‌ನಿಂದ ತಲೆಯೆಲ್ಲ ಕಪ್ಪು ಬಳಿದು ಉಜ್ಜಿದರೆ, ಕಪ್ಪು ಗೆರೆ ಉಳಿದ ಕಡೆ ನೆತ್ತಿ ಇದೆ ಎಂದು ಕಾಣುತ್ತದೆ. ಕೊನೆಗೆ 600, ಆಮೇಲೆ 1000 ಪೇಪರ್.

2.4 ಸಾಲಲಿಲ್ಲವೆಂದರೆ ಅದೇ ಸ್ಲಾಟನ್ನು 3.2ಕ್ಕೆ ಅಗಲಿಸಬಹುದು, ಬೇಕಾದ ಬದಿಗೆ ಸರಿಸಿಕೊಂಡು. ಅಗಲವಾದದ್ದನ್ನು ಕಿರಿದು ಮಾಡಬೇಕೆಂದರೆ ಬ್ರಿಜ್‌ನದೇ ಜಾತಿಯ ಮರದ ಪಟ್ಟಿಯನ್ನು, ಎಳೆ ಅದೇ ದಿಕ್ಕಿಗಿರುವಂತೆ, ಸ್ಲಾಟ್‌ಗೆ ಅಂಟಿಸಿ, ಒಂದು ದಿನ ಒಣಗಲು ಬಿಟ್ಟು, ಉಳಿಯಿಂದ ಸಮ ಮಾಡಿ ಹೊಸದಾಗಿ ಕೊರೆಯಬೇಕು. ಬೀಟೆಯಲ್ಲಿ ಆ ತೇಪೆ ಕಣ್ಣಿಗೆ ಬೀಳುತ್ತದೆ, ಕರಿಮರದಲ್ಲಿ ಅಷ್ಟಾಗಿ ಕಾಣುವುದಿಲ್ಲ.