ಜಮಖಂಡಿ ಗ್ರಹಣದ ಮೂಲ ಪೇಪರ್ ನಂಗ ಸಿಕ್ಕಿದ್ದು ಹೆಂಗ

ಮೂರು ವರ್ಷದ ಹಿಂದ ಸ್ಟಾಫ್‌ರೂಮಿನ್ಯಾಗ ಮಾತಿಗೆ ಮಾತು ಬಂದು ನಾ ಹೇಳಿದ್ನಿ, 1868ರ ಆಗಸ್ಟ್ 18ರ ಖಗ್ರಾಸ ಗ್ರಹಣಾನ ನಮ್ಮ ಜಮಖಂಡಿಯೊಳಗ ಸ್ಪೆಕ್ಟ್ರೋಸ್ಕೋಪ್ (ಬೆಳಕನ್ನ ಬಣ್ಣಬಣ್ಣದ ಗೆರಿಯಾಗಿ ಒಡದು ತೋರಿಸೂ ಯಂತ್ರ) ಇಟ್ಟು ನೋಡ್ಯಾರ, ನೋಡಿದಾಂವ ಯುರೇನಸ್ ಕಂಡುಹಿಡಿದ ಹರ್ಷೆಲ್‌ನ ಮೊಮ್ಮಗ ಅಂತ. ನಮ್ಮ ಹಿರಿಯ ಸರ್ ಚಹಾದ ಕಪ್ಪು ಕೆಳಗಿಟ್ಟು "ಏ ತಮ್ಮಾ, ವಾಟ್ಸಾಪ್ ಸುದ್ದಿ ಬ್ಯಾಡ, ಮೂಲ ಪೇಪರ್ ಐತೇನು?" ಅಂದ್ರು. ನೋಡಿದಾಂವ ತಾನ ಬರದ ಆ ಸಂಶೋಧನಾ ಲೇಖನ ನನ್ನ ಕಡೆ ಇದ್ದಿದ್ದಿಲ್ಲ. ಎಲ್ಲಾರೂ ನಕ್ಕರು.

ಮೊದಲನೇ ಆರು ತಿಂಗಳು ಸುಮ್ನ ಹಾಳಾತು. ಗೂಗಲ್ ಸ್ಕಾಲರ್‌ನ್ಯಾಗ ಊರ ಹೆಸರು ಹಾಕಿದ್ರ ಕಬ್ಬಿನ ಪೇಪರ್ ಬರ್ತಾವು, ಮಣ್ಣಿನ ಪೇಪರ್ ಬರ್ತಾವು, ಗ್ರಹಣ ಇಲ್ಲ. 'ನೇಚರ್' ಪತ್ರಿಕೆಯೊಳಗ 1868ರ ಸಂಚಿಕೆ ಹುಡುಕಿ ಹುಡುಕಿ ಎರಡು ರಾತ್ರಿ ಕಳದ್ನಿ, ಆಮ್ಯಾಲ ಗೊತ್ತಾತು ಅದು ಶುರು ಆಗಿದ್ದ 1869ರ ನವೆಂಬರ್‌ದಾಗ ಅಂತ. ಒಂದು ಚಾಟ್‌ಬಾಟ್‌ಗೆ ಕೇಳಿದ್ರ ಸಂಪುಟ, ಪುಟ, ಲೇಖಕರ ಹೆಸರು ಎಲ್ಲಾ ಛಂದಾಗಿ ಬರದು ಕೊಡ್ತು, ತಗದು ನೋಡಿದ್ರ ಆ ಪುಟದಾಗ ಬ್ಯಾರೇನ ವಿಷಯ. ಆ ಗ್ರಹಣದ ಜೋಡಿ ಹೆಸರು ಬರೂ ಹೀಲಿಯಂ ಅನಿಲದ ಇತಿಹಾಸದ ಒಂದು ಪೇಪರ್‌ಗೆ ಮೂವತ್ತು ಚಿಲ್ಲರೆ ಡಾಲರ್ ಕೊಟ್ನಿ, ಕಾರ್ಡ್ ಚಾರ್ಜ್ ಹಿಡದು ಹತ್ತತ್ರ 2,800 ರೂಪಾಯಿ, ಅದ ಪೇಪರ್ ಆರ್ಕೈವ್ (arXiv) ಅನ್ನೂ ತಾಣದಾಗ ಪುಕ್ಕಟೆ ಇತ್ತು! ಮನ್ಯಾಗ ಇನ್ನೂ ಹೇಳಿಲ್ಲ. ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್ ಅಂತ ಪತ್ರಿಕೆಗಳ ಪೇಪರ್ ಓದಾಕ ಕೊಡೂ ಕೇಂದ್ರದ ಯೋಜನೆ 2025ರ ಜನವರಿಗೆ ಶುರು ಆತು ಖರೆ, ಆದ್ರ ಅದು ಸರ್ಕಾರಿ ಸಂಸ್ಥೆಗಳಿಗೆ, ನಮ್ಮದು ಖಾಸಗಿ ಕಾಲೇಜು.

ದಾರಿ ತೆರದದ್ದು ಖಗೋಳದ ಪೇಪರ್ ಹುಡುಕೂ ತಾಣ, ನಾಸಾದ ಎಡಿಎಸ್‌ನ್ಯಾಗ. ಅದನ್ನ ನೀವೆಲ್ಲಾ ಬಳಸ್ತೀರಿ ಗೊತ್ತೈತಿ, ಆದ್ರ ಬಹಳ ಮಂದಿ ಕೀವರ್ಡ್ ಹೊಡದು ಮೊದಲ ಹತ್ತು ನೋಡಿ ಮುಚ್ಚತಾರ. ನಾನೂ ಹಂಗ ಮಾಡ್ತಿದ್ನಿ. ಈ ಸಲ ಕೀವರ್ಡ್ ಬಿಟ್ಟು, ರೊಕ್ಕ ಕೊಟ್ಟು ತಗೊಂಡಿದ್ನೆಲ್ಲಾ, ಅದ ಪೇಪರ್ ಹಿಡದು ಅದರ ರೆಫರೆನ್ಸ್ ಪಟ್ಟಿಯೊಳಗ ಇಳದ್ನಿ, ಅಲ್ಲಿಂದ ಅದರ ಹಿಂದಿನದಕ್ಕ, ಮತ್ತ ಅದರ ಹಿಂದಿನದಕ್ಕ, ಬಾವಿಗೆ ಇಳದಂಗ. ನಾಕನೇ ಮೆಟ್ಟಿಲಿಗೆ ಲಂಡನ್ ರಾಯಲ್ ಸೊಸೈಟಿಯ ಪ್ರೊಸೀಡಿಂಗ್ಸ್, ಸಂಪುಟ 17 ಸಿಕ್ತು. ಆಮ್ಯಾಲ ಹುಡುಕೂದ ಬಿಟ್ಟು ಆ ಸಂಪುಟದ ಪರಿವಿಡಿ ಪೂರ್ತಿ ಓದಿದ್ನಿ. ಪುಟ 104ಕ್ಕ ಲೆಫ್ಟಿನೆಂಟ್ ಜಾನ್ ಹರ್ಷೆಲ್! ಶೀರ್ಷಿಕೆಯೊಳಗ ನಮ್ಮೂರಿನ ಹೆಸರು, ಆದ್ರ 'ಖ' ಅಲ್ಲ, 'ಕ', ಜಮಕಂಡಿ. ಅದಕ್ಕ ನನ್ನ ಕೀವರ್ಡ್‌ಗೆ ಬಿದ್ದಿದ್ದಿಲ್ಲ. ಇನ್ನ ಪುಟ 74ರಾಗ ಕ್ಯಾಪ್ಟನ್ ಹೇಗ್, ಅಂವ ನೋಡಿದ್ದು ಬಿಜಾಪುರದಿಂದ. ಒಂದ ಕಲ್ಲಿಗೆ ಎರಡು ಹಣ್ಣು ಬಿದ್ದಂಗಾತು. ಬ್ರಿಟಿಷರು ನಮ್ಮೂರುಗಳ ಹೆಸರು ಯಾವ ಯಾವ ಥರ ಬರೀತಿದ್ರು ಅನ್ನೂದಕ್ಕ ನಾ ಒಂದು ಪಟ್ಟಿ ಮಾಡೀನಿ, ಅದು ಸದ್ಯಕ್ಕ ನನ್ನ ಹಂತ್ಯಾಕ ಇರ್ಲಿ, ಮುಂದಿನ ಕೆಲಸಕ್ಕ ಬೇಕು.

ಇಷ್ಟು ಹಳೇದು ಪುಕ್ಕಟೆನ ಸಿಗ್ತೈತಿ, ರಾಯಲ್ ಸೊಸೈಟಿ 70 ವರ್ಷಕ್ಕಿಂತ ಹಳೇ ಪೇಪರ್ ಎಲ್ಲಾ ತೆರದಿಟ್ಟೈತಿ. ಇಪ್ಪತ್ತೆರಡು ಪುಟ, ಬಸ್‌ಸ್ಟ್ಯಾಂಡ್ ಹಂತ್ಯಾಕ ಪ್ರಿಂಟ್ ಪುಟಕ್ಕ ಎರಡು ರೂಪಾಯಿ, 44.

ಓದಿದ ಮ್ಯಾಲ ನಂದೂ ಸ್ವಲ್ಪ ಬಾಯಿ ಮುಚ್ಚಿತು ಅನ್ರಿ. ನಾ ಊರೆಲ್ಲಾ "ಜಮಖಂಡಿಯೊಳಗ ಹೀಲಿಯಂ ಕಂಡುಹಿಡದ್ರು" ಅಂತ ಹೇಳ್ಕೊಂತ ಅಡ್ಡಾಡತಿದ್ನಿ. ಹರ್ಷೆಲ್ ಪಾಪ ಮೋಡದ ಕಾಟದಾಗ, ಸೂರ್ಯನ ಅಂಚಿನ ಜ್ವಾಲೆಯೊಳಗ ಕೆಂಪು, ಕಿತ್ತಳೆ, ನೀಲಿ ಮೂರು ಗೆರಿ ಕಂಡ, ಆ ಕಿತ್ತಳೆ ಗೆರಿ ಸೋಡಿಯಂ ಧಾತುವಿನ ಗುರುತಾದ ಡಿ ಗೆರೀನ ಅಂತ ತಿಳಕೊಂಡ, ತನ್ನ ಯಂತ್ರ ತೋರಿಸೂ ಮಟ್ಟಿಗೆ ಅಂತನೂ ಬರದಾನ. ಅದು ಸೋಡಿಯಂದಲ್ಲ, ಅದರ ಬಾಜೂದ ಬ್ಯಾರೆ ಗೆರಿ (ಮುಂದ ಹೀಲಿಯಂದು ಅಂತ ಆದದ್ದು) ಅನ್ನೂದು ಆ ವರ್ಷದ ಅಕ್ಟೋಬರ್ 20ರ ನಂತರ ಇಂಗ್ಲೆಂಡಿನ ಖಗೋಳ ವಿಜ್ಞಾನಿ ಲಾಕಿಯರ್ ಕೆಲಸದಾಗ ಬಂತು, ಅಂವಗ ಗ್ರಹಣಾನೂ ಬೇಕಾಗಲಿಲ್ಲ. ಅಂದ್ರ ಕಂಡಿದ್ದು ಇಲ್ಲೆ, ಗುರುತು ಹಿಡದದ್ದು ಅಲ್ಲೆ. ಈ ಒಂದು ಸಾಲಿನ ಸಲುವಾಗಿ ಮೂಲ ಪೇಪರ್ ಬೇಕಾಗ್ತೈತಿ ನೋಡ್ರಿ.

ಅದರ ನಡುವ 1980ರ ಫೆಬ್ರುವರಿ 16ರ ಗ್ರಹಣದ ಹುಚ್ಚೂ ಹತ್ತಿತ್ತು, ಅದು ಅಂಕೋಲಾ, ಹುಬ್ಬಳ್ಳಿ, ರಾಯಚೂರು ದಾರೀಲೆ ಹೋಗಿತ್ತು. ಅದಕ್ಕ ಎಡಿಎಸ್‌ಗಿಂತ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ರೆಪಾಸಿಟರಿ (ಆನ್‌ಲೈನ್ ಸಂಗ್ರಹ) ಚಲೋ, ಕೊಡೈಕನಾಲ್‌ದ ಹಳೇ ಬುಲೆಟಿನ್‌ಗಳೂ ಅದರಾಗ ಅದಾವು. ಶೋಧಗಂಗಾದಾಗ ಪಿಎಚ್‌ಡಿ ಥೀಸಿಸ್ ತಗದು ಹಿಂದಿನ ಗ್ರಂಥಸೂಚಿ ಅಷ್ಟ ಓದ್ರಿ, ಒಳಗಿಂದು ಬಿಟ್ಟರೂ ನಡೀತೈತಿ. ಹೊಸ ಪೇಪರ್ ಎಲ್ಲೂ ಸಿಗದಿದ್ರ ಲೇಖಕರಿಗೆ ಮೇಲ್ ಹಾಕ್ತೀನಿ, ಹತ್ತರಾಗ ಆರೇಳು ಮಂದಿ ಕಳಸ್ತಾರ. ಸಬ್ಜೆಕ್ಟ್ ಲೈನ್ ಏನ್ ಬರೀತೀನಿ ಅಂತ ಮಾತ್ರ ಕೇಳಬ್ಯಾಡ್ರಿ.

ಪ್ರಿಂಟ್ ತಗೊಂಡು ಹೋಗಿ ಸರ್ ಟೇಬಲ್ ಮ್ಯಾಲ ಇಟ್ನಿ. ಕನ್ನಡಕ ಹಾಕ್ಕೊಂಡು ಹತ್ತು ನಿಮಿಷ ಓದಿದ್ರು, "ಪಿಡಿಎಫ್ ಕಳಸು" ಅಂದ್ರು, ಅಷ್ಟ. ಸಂಜಿಗೆ ನೋಡಿದ್ರ ಅವರ ಸ್ಟೇಟಸ್‌ನ್ಯಾಗ ನಮ್ಮೂರಿನ ಗ್ರಹಣದ ಮೂಲ ದಾಖಲೆ ಅಂತ ಫೋಟೋ ಸಮೇತ ಬಂದೈತಿ, ನನ್ನ ಹೆಸರು ಎಲ್ಲೂ ಇಲ್ಲ.