ರಷ್ಯನ್ ಅತಿಥಿಯ 'ಬೆಕ್', ನಮ್ಮ ಬ್ಯಾಗು

ಬೇಕಲ ಕೋಟೆಯ ಹತ್ತಿರ ನಮ್ಮದೊಂದು ಸಣ್ಣ ಹೋಂಸ್ಟೇ ಇದೆ. ಕಳೆದ ಡಿಸೆಂಬರ್‌ನಲ್ಲಿ ರಷ್ಯಾದಿಂದ ಬಂದ ಒಬ್ಬಾಕೆ ಆಟೋ ಇಳಿದವರೇ "ಮೈ ಬೆಕ್! ಮೈ ಬೆಕ್!" ಅಂತ ಕೂಗಿದರು. ಅಮ್ಮ ಜಗಲಿಯ ಬೆಂಚಿನಡಿ ಬಗ್ಗಿ ಬೆಕ್ಕು ಹುಡುಕಿದರು. ಅಷ್ಟರಲ್ಲಿ ಬ್ಯಾಗು ಆಟೋದಲ್ಲೇ ಪಳ್ಳಿಕ್ಕೆರೆ ಕಡೆಗೆ ಹೋಗಿಯಾಗಿತ್ತು. ಡ್ರೈವರ್ ಒಳ್ಳೆಯವನು, ಅರ್ಧ ಗಂಟೆಯಲ್ಲಿ ತಂದುಕೊಟ್ಟ.

ಮರುದಿನದಿಂದ ಸಂಜೆ ಚಹಾದ ಹೊತ್ತಿಗೆ ಪಾಠ ಶುರು. ನಿಮಗೂ ರಷ್ಯನ್ನರಿಗೆ ಇಂಗ್ಲಿಷ್ ಹೇಳಿಕೊಡುವ ಸಂದರ್ಭ ಬಂದರೆ ಬ್ಯಾಗಿನಿಂದಲೇ ಶುರು ಮಾಡಿ.

ಆ ಒಂದು ಪದದಲ್ಲಿ ಎರಡು ತೊಡಕಿದೆ. ಇಂಗ್ಲಿಷಿನ 'ಆ್ಯ' ರಷ್ಯನ್ನಿನಲ್ಲಿಲ್ಲ, 'ಎ' ಆಗಿಬಿಡುತ್ತದೆ. ಇನ್ನು ಪದದ ಕೊನೆಯಲ್ಲಿ ಬರುವ ಗ್, ದ್, ಬ್ ಅವರ ಬಾಯಲ್ಲಿ ಕ್, ತ್, ಪ್. ಪಟ್ಟಣಕ್ಕೆ 'ಗೊರೊದ್' ಅಂತ ಬರೆದು 'ಗೋರತ್' ಅನ್ನುತ್ತಾರೆ. ಇದಕ್ಕೆ ಮದ್ದು ನಮ್ಮ ಬಾಯಲ್ಲೇ ಇದೆ. ಬ್ಯಾಗು, ರೋಡು, ಕ್ಲಬ್ಬು ಅನ್ನುತ್ತೇವೆ, ಅಲ್ವಾ? ಶಾಲೆಯಲ್ಲಿ ಈ 'ಉ'ಗೆ ನಾನು ಬೈಗುಳ ತಿಂದದ್ದೂ ಇದೆ. ಈಗ ಅದೇ ಕೆಲಸಕ್ಕೆ ಬಂತು. ಮೊದಲು ಹತ್ತು ಸಲ 'ಬ್ಯಾಗು' ಅನ್ನಿಸಿ. ಆಮೇಲೆ 'ಉ' ಮೆಲ್ಲಗೆ ನುಂಗಲು ಹೇಳಿ. 'ಗ್' ಗಟ್ಟಿಯಾಗಿ ಉಳಿಯುತ್ತದೆ.

ಶಿಪ್, ಶೀಪ್ ಎರಡೂ ಅವರಿಗೆ ಒಂದೇ. ರಷ್ಯನ್ನಿನಲ್ಲಿ ಹ್ರಸ್ವ, ದೀರ್ಘ ಅಂತ ಬೇರೆ ಬೇರೆ ಇಲ್ಲ. ಮೇಜಿನ ಮೇಲೆ ಬೆರಳಿನಿಂದ ಒಂದು ತಟ್ಟು, ಎರಡು ತಟ್ಟು ಹಾಕಿ ತೋರಿಸಿ. ಹ್ರಸ್ವಕ್ಕೆ ತುಟಿ ಸಡಿಲ ಇರಲಿ.

'ಟ'ಗೆ ಪಕ್ಕದ ಮನೆಯ ಮಲಯಾಳಿ ಅಕ್ಕನನ್ನು ಕರೆದೆ. ಏಳು ಭಾಷೆಯ ಊರು ಅಂತ ಕಾಸರಗೋಡಿಗೆ ಸುಮ್ನೆ ಹೇಳುವುದಲ್ಲ! ರಷ್ಯನ್ನರದ್ದು ಹಲ್ಲಿಗೆ ತಾಗುವ 'ತ'. ನಮ್ಮ 'ಟ'ಗೆ ನಾಲಿಗೆ ಜಾಸ್ತಿ ಹಿಂದೆ ಹೋಗುತ್ತದೆ. ಇಂಗ್ಲಿಷಿನದ್ದು ಇವೆರಡರ ನಡುವೆ, ಮೇಲಿನ ಹಲ್ಲಿನ ಹಿಂದಿನ ವಸಡಿನಲ್ಲಿ. ಮಲಯಾಳದಲ್ಲಿ ಗಾಳಿಗೆ 'ಕಾಟ್ಟ್' ಅನ್ನುವಾಗ ನಾಲಿಗೆ ತಾಗುವುದು ಅಲ್ಲಿಗೇ. ಅಕ್ಕ 'ಮಾಙ್ಙ' ಅಂತ ಮಾವಿನಕಾಯಿ ತೋರಿಸಿದಾಗ 'ಸಿಂಗ್'ನ ಕೊನೆಯ ಸದ್ದೂ ಸಿಕ್ಕಿತು.

'ಹಲೋ' ಅವರ ಬಾಯಲ್ಲಿ ಗಂಟಲು ಕೆರೆದ 'ಖೆಲೋ'. ಕನ್ನಡಕ ಒರೆಸುವ ಮೊದಲು ಗಾಜಿಗೆ ಉಸಿರು ಬಿಡುತ್ತೇವಲ್ಲ, ಹಾಗೆ ಊದಿಸಿ. ಅಷ್ಟು ಸಾಕು.

'ಥಿಂಕ್' ವಿಷಯದಲ್ಲಿ ಮಾತ್ರ ನಾವೂ ಗುರುಗಳಲ್ಲ. ಅವರು 'ಸಿಂಕ್' ಅಂದರೆ ನಾವು 'ತಿಂಕ್' ಅನ್ನುತ್ತೇವೆ. ಕನ್ನಡಿ ಹಿಡಿದು, ಹಲ್ಲಿನ ನಡುವೆ ನಾಲಿಗೆಯ ತುದಿ ಕಾಣುವ ಹಾಗೆ ಇಟ್ಟು, ಗಾಳಿ ಬಿಡಬೇಕು. ವೆಸ್ಟ್ ಅಂದರೆ ಅಂಗಿಯೋ ಪಶ್ಚಿಮವೋ ಅನ್ನುವ ಗೊಂದಲ ಇಬ್ಬರಿಗೂ ಇದೆ. ಪಶ್ಚಿಮಕ್ಕೆ ತುಟಿ 'ಉ' ಅನ್ನುವಂತೆ ದುಂಡಗಾಗಲಿ, ಅಂಗಿಗೆ ಕೆಳತುಟಿ ಹಲ್ಲಿಗೆ ತಾಗಲಿ. ನಾವಿಬ್ಬರೂ ಒಂದೇ ಕನ್ನಡಿ ನೋಡಿಕೊಂಡು ಕಲಿತೆವು.

ಹೊರಡುವ ದಿನ ಆಕೆ ಆಟೋ ಹತ್ತಿ "ಮೈ ಬ್ಯಾಗು" ಅಂದರು. 'ಉ' ನುಂಗುವುದು ಮರೆತಿತ್ತು. ಒಳಗಿಂದ ಅಮ್ಮನೇ ತಂದುಕೊಟ್ಟರು.