100 ಬಿಪಿಎಂ, 25 ಫ್ರೇಮ್: ಒಂದು ಕನ್ನಡ ರಾಕ್ ಸಿಂಗಲ್ಲೂ ಅದರ ವಿಡಿಯೊವೂ

ಮೊದಲು ಹಾಡು ಮುಗಿಯಲಿ, ವಿಡಿಯೊ ಆಮೇಲೆ ನೋಡೋಣ ಅನ್ನುವುದು ಬ್ಯಾಂಡ್‌ಗಳ ರೂಢಿ. ನಾವು ಎರಡನ್ನೂ ಒಟ್ಟಿಗೇ ಯೋಜಿಸಿದೆವು, ಹಾಡಿನ ವೇಗವನ್ನೂ ವಿಡಿಯೊ ನೋಡಿಕೊಂಡೇ ಗೊತ್ತು ಮಾಡಿದೆವು. ಅಭ್ಯಾಸದಲ್ಲಿ ಹಾಡು 98 ಬಿಪಿಎಂನಲ್ಲಿ, ಅಂದರೆ ನಿಮಿಷಕ್ಕೆ 98 ಬೀಟ್‌ನಲ್ಲಿ, ಕೂತಿತ್ತು. ಸೆಕೆಂಡಿಗೆ 25 ಫ್ರೇಮ್‌ನ ವಿಡಿಯೊದಲ್ಲಿ ಆಗ ಒಂದು ಬೀಟ್‌ಗೆ 15.3 ಫ್ರೇಮ್ ಬರುತ್ತದೆ. ಆ ಪುಡಿ ಲೆಕ್ಕದಿಂದ ಕಟ್‌ಗಳು ಕೆಲವು ಕಡೆ ಬೀಟ್ ಮೇಲೆ ಬೀಳುತ್ತವೆ, ಕೆಲವು ಕಡೆ ಜಾರುತ್ತವೆ. 100ಕ್ಕೆ ಏರಿಸಿದರೆ ಬೀಟ್‌ಗೆ ಸರಿಯಾಗಿ 15 ಫ್ರೇಮ್, ನಾಲ್ಕು ಬೀಟ್‌ನ ಒಂದು ಬಾರ್‌ಗೆ 60. ನಮ್ಮದು 90 ಬಾರ್, ಅಂದರೆ 3 ನಿಮಿಷ 36 ಸೆಕೆಂಡ್. ವೇಗದ ಹಾಡಾದರೆ 125 ಒಳ್ಳೆಯದು, ಬೀಟ್‌ಗೆ 12 ಫ್ರೇಮ್. ಎಲ್ಲರೂ ಇಷ್ಟಪಡುವ 120ರಲ್ಲಿ ಹನ್ನೆರಡೂವರೆ ಬಂದು ಎಡಿಟರ್‌ಗೆ ತಲೆನೋವು.

ಬೀಟ್ ತೋರಿಸುವ ಕ್ಲಿಕ್ ಕಿವಿಯಲ್ಲಿ ಇಟ್ಟುಕೊಂಡು, 48 ಕಿಲೋಹರ್ಟ್ಸ್, 24 ಬಿಟ್‌ನಲ್ಲಿ ರೆಕಾರ್ಡ್ ಮಾಡಿದೆವು. ಡ್ರಮ್ಸ್‌ಗೆ ಐದೇ ಮೈಕ್: ಕಿಕ್, ಸ್ನೇರ್, ಮೇಲಿನಿಂದ ಹಿಡಿಯುವ ಎರಡು ಓವರ್‌ಹೆಡ್, ರೂಮ್‌ಗೆ ಒಂದು. ಸ್ನೇರ್‌ನ ನಡುವಿನಿಂದ ಎರಡೂ ಓವರ್‌ಹೆಡ್‌ಗೆ ಒಂದೇ ಉದ್ದ ಇರುವಂತೆ ದಾರ ಹಿಡಿದು ಅಳೆಯಬೇಕು. ಅಂದಾಜಿನಲ್ಲಿ ಇಟ್ಟರೆ ಸ್ನೇರ್ ಒಂದು ಪಕ್ಕಕ್ಕೆ ಎಳೆಯುತ್ತದೆ, ಮೋನೋದಲ್ಲಿ ತೆಳುವಾಗುತ್ತದೆ. ಗಿಟಾರ್ ಡ್ರಾಪ್ ಡಿ, ಅಂದರೆ ದಪ್ಪ ತಂತಿಯನ್ನು ಡಿ ಸ್ವರಕ್ಕೆ ಇಳಿಸಿದ ಶ್ರುತಿ. ಆಂಪ್‌ನ ಸ್ಪೀಕರ್ ಕೋನ್ ಮತ್ತು ಅದರ ನಡುವಿನ ಉಬ್ಬು ಕೂಡುವ ಜಾಗಕ್ಕೆ ಎರಡು ಮೂರು ಸೆಂಟಿಮೀಟರ್ ದೂರದಲ್ಲಿ ಎಸ್ಎಂ57 ಮೈಕ್. ಮತ್ತೆ ಮತ್ತೆ ಬರುವ ಗಿಟಾರ್ ತುಣುಕನ್ನು, ಅಂದರೆ ರಿಫ್ ಅನ್ನು, ಎರಡು ಸಲ ಬೇರೆಬೇರೆಯಾಗಿ ನುಡಿಸಿ ಎಡಕ್ಕೊಂದು ಬಲಕ್ಕೊಂದು. ಒಂದೇ ಟೇಕನ್ನು ಕಾಪಿ ಮಾಡಿ ಎರಡು ಕಡೆ ಇಟ್ಟರೆ ಅಗಲ ಹುಟ್ಟುವುದಿಲ್ಲ, ದನಿ ಮಾತ್ರ ಜಾಸ್ತಿಯಾಗುತ್ತದೆ. ಗೇನ್ (ಆಂಪ್‌ನಲ್ಲಿ ದನಿ ಎಷ್ಟು ಒರಟಾಗಬೇಕು ಅನ್ನುವ ಮಟ್ಟ) ವೇದಿಕೆಯ ಮೇಲಿನದಕ್ಕಿಂತ ಕಡಿಮೆ ಇರಲಿ. ಎರಡು ಟ್ರ್ಯಾಕ್ ಸೇರಿದಾಗ ಡಿಸ್ಟಾರ್ಷನ್ ತಾನಾಗಿ ದಪ್ಪವಾಗುತ್ತದೆ.

ಮಿಕ್ಸ್‌ನಲ್ಲಿ ಹೆಚ್ಚು ಸಮಯ ತಿಂದದ್ದು ಕನ್ನಡವೇ. ನಮ್ಮ ಒತ್ತಕ್ಷರಗಳ ಅಂಚು ಕೇಳುವುದು ಸುಮಾರು 2ರಿಂದ 4 ಕಿಲೋಹರ್ಟ್ಸ್ ನಡುವೆ, ಗಿಟಾರ್‌ನ ಕಚ್ಚುವ ದನಿಯೂ ಅಲ್ಲೇ. ‘ಕಟ್ಟು’ ಅನ್ನುವುದು ‘ಕಟು’ ಆಗಿ ಕೇಳಿದರೆ ಅರ್ಥವೇ ಹೋಯಿತು. ಹಾಡುವ ಬಾರ್‌ಗಳಲ್ಲಿ ಮಾತ್ರ ಎರಡೂ ಗಿಟಾರ್‌ಗಳನ್ನು 3 ಕಿಲೋಹರ್ಟ್ಸ್ ಸುತ್ತ 3 ಡಿಬಿ ಇಳಿಸಿದೆವು. ಗಾಯಕನ ದನಿ ಏರಿಸಿದ್ದರೆ ರಾಕ್ ಹೋಗಿ ಭಾವಗೀತೆಯಾಗುತ್ತಿತ್ತು.

ಇನ್ನು ವಿಡಿಯೊ. ತುಟಿ ಹಾಡಿಗೆ ಸರಿಯಾಗಿ ಕೂಡಬೇಕು, ಸುತ್ತಲಿನ ಲೋಕ ಮಾತ್ರ ನಿಧಾನವಾಗಿ ತೇಲಬೇಕು. ಉಪಾಯ ಹಳೆಯದು: ಹಾಡನ್ನು ಎರಡು ಪಟ್ಟು ವೇಗದಲ್ಲಿ ನುಡಿಸಿ, ಗಾಯಕ ಅದರ ಜೊತೆ ಹಾಡುವಾಗ 50 ಫ್ರೇಮ್‌ನಲ್ಲಿ ಚಿತ್ರೀಕರಿಸಿ, 25ಕ್ಕೆ ಇಳಿಸುವುದು. 2000ರಲ್ಲಿ ಕೋಲ್ಡ್‌ಪ್ಲೇ ತಂಡ ‘ಯೆಲ್ಲೊ’ ಹಾಡಿನ ವಿಡಿಯೊವನ್ನು ಇಂಗ್ಲೆಂಡಿನ ಸ್ಟಡ್ಲೆಂಡ್ ಬೇ ಕಡಲತೀರದಲ್ಲಿ ಹೀಗೇ ತೆಗೆದಿತ್ತು. ಅದರಲ್ಲಿ ಗಾಯಕ ಒಬ್ಬನೇ ನಡೆಯುತ್ತಾನೆ. ಡ್ರಮ್ಸ್ ಫ್ರೇಮ್‌ನೊಳಗೆ ಬಂದ ಕೂಡಲೇ ಕಷ್ಟ ಶುರು. ನಮ್ಮ 100 ಅಲ್ಲಿ 200 ಆಗುತ್ತದೆ. ಹೈಹ್ಯಾಟ್‌ನ ಎಂಟನೇ ಸ್ವರಗಳು (ಬೀಟ್‌ಗೆ ಎರಡು) ಹೇಗೋ ಬರುತ್ತವೆ, ಹದಿನಾರರ (ಬೀಟ್‌ಗೆ ನಾಲ್ಕು) ಫಿಲ್‌ಗಳು, ಅಂದರೆ ಸಾಲುಗಳ ನಡುವೆ ತುಂಬುವ ಬಿರುಸಿನ ಪೆಟ್ಟುಗಳು, ಹೆಚ್ಚಿನವರ ಕೈಗೆ ಬರುವುದಿಲ್ಲ. ಹಾಗಾಗಿ ಫಿಲ್‌ಗಳನ್ನು 25 ಫ್ರೇಮ್‌ನಲ್ಲಿ, ಮಾಮೂಲಿ ವೇಗದಲ್ಲಿ, ಕೈ ಮತ್ತು ಸ್ಟಿಕ್ ಮಾತ್ರ ಕಾಣುವಷ್ಟು ಹತ್ತಿರದಿಂದ ಬೇರೆಯಾಗಿ ತೆಗೆದೆವು. ಸಿಂಬಲ್‌ಗಳು ಮಾತ್ರ 50ರಲ್ಲೇ. ಕ್ರ್ಯಾಶ್ ನಿಧಾನವಾಗಿ ಬಾಗಿ ಏಳುವುದು ನಮ್ಮ ವಿಡಿಯೊದಲ್ಲೇ ನನಗೆ ಬಹಳ ಇಷ್ಟವಾದ ಚಿತ್ರ.

ಸೆಟ್‌ನಲ್ಲಿ ನುಡಿಸುವ ಗೈಡ್ ಟ್ರ್ಯಾಕ್‌ಗೆ ಶ್ರುತಿ ಉಳಿಸಿ ವೇಗ ಹೆಚ್ಚಿಸುವ ಆಯ್ಕೆ ಬೇಡ, ಅದು ಅಕ್ಷರಗಳ ಅಂಚನ್ನು ಕಲಸುತ್ತದೆ. ಹಳೆಯ ಟೇಪ್ ಓಡಿಸಿದ ಹಾಗೆ, ಶ್ರುತಿಯೂ ಒಂದು ಸಪ್ತಕ ಮೇಲೇರಲಿ. ಇದರಲ್ಲಿ ಇನ್ನೊಂದು ಲಾಭವಿದೆ: ಕ್ಯಾಮೆರಾದಲ್ಲಿ ಹಿಡಿದ ಆಡಿಯೊವನ್ನೂ ಎಡಿಟ್‌ನಲ್ಲಿ ಹಾಗೇ ಅರ್ಧ ವೇಗಕ್ಕೆ ಇಳಿಸಿದರೆ ಮೂಲ ಹಾಡೇ ವಾಪಸ್ ಸಿಗುತ್ತದೆ, ಅಲೆಗಳನ್ನು ಜೋಡಿಸುವುದು ಸಲೀಸು. ಗೈಡ್‌ನಲ್ಲಿ ಗಾಯಕನ ದನಿ 6 ಡಿಬಿ ಮೇಲೆ, ರಿವರ್ಬ್ (ಸೇರಿಸಿದ ಮಾರ್ದನಿ) ಪೂರ್ತಿ ತೆಗೆದು, ಶುರುವಿಗೆ ಎಂಟು ಬೀಪ್, ಕೊನೆಗೆ ಒಂದು. ಕೊನೆಯ ಬೀಪ್ ಜಾರಿದ್ದರೆ ಆ ಟೇಕಿನಲ್ಲಿ ಫ್ರೇಮ್ ರೇಟ್ ಅಲ್ಲಾಡಿದೆ ಎಂದರ್ಥ. ಫೋನ್‌ನಲ್ಲಿ ತೆಗೆದರೆ ಇದು ಸಾಮಾನ್ಯ. ಸ್ಥಿರ ಫ್ರೇಮ್ ರೇಟ್ ಕೊಡುವ ಆ್ಯಪ್ ಬೇಕು.

ಬ್ಲೂಟೂತ್ ಸ್ಪೀಕರ್ ಸೆಟ್‌ಗೆ ತರಲೇಬೇಡಿ. ಅದರ ತಡ 150–200 ಮಿಲಿಸೆಕೆಂಡ್ ಇರುವುದುಂಟು; 50 ಫ್ರೇಮ್‌ನಲ್ಲಿ ಒಂದು ಫ್ರೇಮ್ ಅಂದರೆ 20 ಮಿಲಿಸೆಕೆಂಡ್ ಅಷ್ಟೆ. ವೈರ್ ಇದ್ದರೂ ದೂರ ಲೆಕ್ಕಕ್ಕೆ ಬರುತ್ತದೆ: ಶಬ್ದ 20 ಮಿಲಿಸೆಕೆಂಡಿನಲ್ಲಿ ಹೋಗುವುದು ಸುಮಾರು 7 ಮೀಟರ್. ಸ್ಪೀಕರ್ ಗಾಯಕನ ಹತ್ತಿರ, ಡ್ರಮ್ಮರ್ 14 ಮೀಟರ್ ಹಿಂದೆ ಇದ್ದರೆ ಇಬ್ಬರ ನಡುವೆ ಎರಡು ಫ್ರೇಮ್ ವ್ಯತ್ಯಾಸ. ಒಬ್ಬನನ್ನು ಸರಿಮಾಡಿದರೆ ಇನ್ನೊಬ್ಬ ತಪ್ಪುತ್ತಾನೆ. ಡ್ರಮ್ಮರ್‌ಗೆ ಇಯರ್‌ಫೋನ್ ಕೊಡಿ. ನಮ್ಮದು ಪೀಣ್ಯದ ಶೀಟಿನ ಶೆಡ್. ಅದರ ಮಾರ್ದನಿಯಲ್ಲಿ ಎರಡು ಪಟ್ಟು ವೇಗದ ಸಾಹಿತ್ಯ ಗಾಯಕನಿಗೂ ತಿಳಿಯುತ್ತಿರಲಿಲ್ಲ, ಅವನಿಗೂ ಇಯರ್‌ಫೋನೇ ಗತಿಯಾಯಿತು.

ತುಟಿಯ ವಿಷಯದಲ್ಲಿ ಎಲ್ಲ ಅಕ್ಷರಕ್ಕೂ ಒಂದೇ ಬೆಲೆಯಿಲ್ಲ. ಪ, ಬ, ಮಗಳಲ್ಲಿ ತುಟಿ ಪೂರ್ತಿ ಮುಚ್ಚಬೇಕು; ವೇಗದಲ್ಲಿ ಗಾಯಕರು ನುಂಗಿಬಿಡುವುದು ಇವನ್ನೇ, ನೋಡುವವರಿಗೆ ಥಟ್ಟನೆ ಗೊತ್ತಾಗುವುದೂ ಇವೇ. ಳ, ಣ, ಟ ಬಾಯೊಳಗೆ ನಡೆಯುವಂಥವು, ತಪ್ಪಿದರೂ ಕಾಣುವುದಿಲ್ಲ. ಕನ್ನಡದ ಪದಗಳು ಹೆಚ್ಚಾಗಿ ಸ್ವರದಲ್ಲಿ ಮುಗಿಯುವುದರಿಂದ ಸಾಲಿನ ಕೊನೆಯ ‘ಉ’ಕಾರಕ್ಕೆ ತುಟಿ ಗುಂಡಗೆ ನಿಲ್ಲಬೇಕು, ಅದೂ ಸ್ವರ ಮುಗಿಯುವ ತನಕ. ಸಾಹಿತ್ಯದ ಪ್ರತಿಯಲ್ಲಿ ಪ-ಬ-ಮಗಳಿಗೆ ಕೆಂಪು ಗೆರೆ, ಕೊನೆಯ ದೀರ್ಘಗಳಿಗೆ ಹಸಿರು ಹಾಕಿ ವಾರ ಮೊದಲೇ ಕೊಟ್ಟೆವು. ಇನ್ನೊಂದು ಮಾತು: ಬರೀ ತುಟಿ ಆಡಿಸಿದರೆ ಸಾಲದು, ನಿಜವಾಗಿ ಕೂಗಬೇಕು. ಕತ್ತಿನ ನರ ಉಬ್ಬದಿದ್ದರೆ ಕೋರಸ್ ಸುಳ್ಳಾಗಿ ಕಾಣುತ್ತದೆ.

ಕ್ಯಾಮೆರಾವನ್ನು ಮೊದಲು ಪಾಲ್‌ಗೆ (25, 50 ಫ್ರೇಮ್‌ನ ವಿಡಿಯೊ ಪದ್ಧತಿ) ಬದಲಿಸಿ, ಇಲ್ಲದಿದ್ದರೆ ಅನೇಕ ಕ್ಯಾಮೆರಾಗಳಲ್ಲಿ ಆ ಆಯ್ಕೆಗಳೇ ಬರುವುದಿಲ್ಲ. ಸ್ಲೋ ಮೋಷನ್ ಮೋಡ್ ಬೇಡ, ಅನೇಕ ಕ್ಯಾಮೆರಾಗಳು ಅದರಲ್ಲಿ ಆಡಿಯೊ ಹಿಡಿಯುವುದಿಲ್ಲ. ಮಾಮೂಲಿ 50ರಲ್ಲಿ ತೆಗೆದು ಆಮೇಲೆ ನಿಧಾನ ಮಾಡಿ. ಶಟರ್ 1/100. ನಮ್ಮ ವಿದ್ಯುತ್ತು 50 ಹರ್ಟ್ಸ್ ಆದ್ದರಿಂದ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. 1/120 ಇಟ್ಟರೆ ಗೋಡೆಯ ಮೇಲೆ ಪಟ್ಟಿ ಓಡುತ್ತದೆ. 25 ಫ್ರೇಮ್‌ನ 1/50ಕ್ಕೆ ಹೋಲಿಸಿದರೆ ಬೆಳಕು ಅರ್ಧ, ಅದಕ್ಕೆ ದೀಪ ಇಮ್ಮಡಿ ಬೇಕು. ಒಂದು ಟೇಕ್ 1 ನಿಮಿಷ 48 ಸೆಕೆಂಡಿಗೇ ಮುಗಿಯುವುದು ಈ ವಿಧಾನದ ದೊಡ್ಡ ಸುಖ.

ಮಾಸ್ಟರ್, ಅಂದರೆ ಹಾಡಿನ ಕೊನೆಯ ಪ್ರತಿ, −10 ಎಲ್‌ಯುಎಫ್‌ಎಸ್ (ಒಟ್ಟಾರೆ ಜೋರಿನ ಅಳತೆ), ಟ್ರೂ ಪೀಕ್ (ದನಿ ಮುಟ್ಟುವ ತುತ್ತತುದಿ) −1 ಡಿಬಿ. ಯೂಟ್ಯೂಬ್ ಅದನ್ನು ಸುಮಾರು −14ಕ್ಕೆ ಇಳಿಸುತ್ತದೆ, ಇಳಿಸಿಯೇ ಕೇಳಿ ಒಪ್ಪಿಕೊಳ್ಳಿ. ಆಡಿಯೊಗೂ ವಿಡಿಯೊಗೂ ಐಎಸ್‌ಆರ್‌ಸಿ (ರೆಕಾರ್ಡಿಂಗ್‌ನ ಗುರುತಿನ ಸಂಖ್ಯೆ) ಬೇರೆಬೇರೆ ಬೇಕು. ವಿತರಕರ ಕಡೆ ಕಂಟೆಂಟ್ ಐಡಿ (ಹಾಡು ಬಳಸಿದ ವಿಡಿಯೊಗಳನ್ನು ಗುರುತಿಸುವ ಯೂಟ್ಯೂಬ್ ವ್ಯವಸ್ಥೆ) ಹಾಕಿಸಿದ್ದರೆ ನಿಮ್ಮ ಚಾನೆಲ್‌ಗೆ ವಿನಾಯಿತಿಯನ್ನು ಬಿಡುಗಡೆಗೆ ಮುಂಚೆಯೇ ಕೇಳಿಕೊಳ್ಳಿ. ಇಲ್ಲದಿದ್ದರೆ ನಿಮ್ಮ ವಿಡಿಯೊ ಮೇಲೆ ನಿಮ್ಮ ಹೆಸರಿನಲ್ಲೇ ಕ್ಲೇಮ್ ಬಂದು ಕೂರುತ್ತದೆ.